ತುರಗಪದ: ಅರವತ್ತನಾಲ್ಕು ಮನೆಗಳಲ್ಲಿ ನಡೆದ ಬುದ್ಧಿವ್ಯಾಯಾಮದ ಚರಿತ್ರೆ

1

ಚದುರಂಗದ ಕಾಯಿಗಳೊಳಗೆ ಕುದುರೆಯ ನಡೆಯೊಂದೇ ವಕ್ರವಾದುದು. ಉಳಿದ ಕಾಯಿಗಳು ನೇರವಾಗಿಯೋ ಮೂಲೆಗೆರೆಯಲ್ಲಿಯೋ ಸಾಗುತ್ತವೆ. ಕುದುರೆಯಾದರೋ ಎರಡು ಮನೆ ನೇರಕ್ಕೆ ಹೋಗಿ ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಈ ವಕ್ರಗತಿಯೇ ಒಂದು ಪ್ರಾಚೀನ ಸಮಸ್ಯೆಗೆ ಕಾರಣವಾಯಿತು. ಬರಿದಾದ ಹಾಸಿನ ಮೇಲೆ ಒಂದೇ ಕುದುರೆಯನ್ನಿಟ್ಟು, ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದಂತೆ, ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಿಬರುವುದು ಹೇಗೆ? ಇದನ್ನು ಆಲಂಕಾರಿಕರು ತುರಗಪದವೆಂದರು. ಗಣಿತಜ್ಞರು ಗ್ರಾಫ್ ಸಿದ್ಧಾಂತದ ಒಂದು ಪ್ರಕರಣವೆಂದರು. ಮೈಸೂರಿನ ಅರಮನೆಯಲ್ಲಿ ಇದು ಒಬ್ಬ ಅರಸನ ಅನೇಕ ವರ್ಷಗಳ ವ್ಯವಸಾಯವಾಯಿತು.

ಈಚಿನ ದಿನಗಳಲ್ಲಿ ವೃತ್ತಪತ್ರಿಕೆಗಳ ಮೂಲೆಯಲ್ಲಿ ಅಚ್ಚಾಗುವ ಸುಡೊಕು ಮೊದಲಾದ ಚೌಕದ ಸಮಸ್ಯೆಗಳನ್ನು ಬಿಡಿಸುವುದು ಬುದ್ಧಿಗೆ ಒಳ್ಳೆಯ ವ್ಯಾಯಾಮವೆಂಬ ಮಾತು ಸರ್ವತ್ರ ಕೇಳಿಬರುತ್ತದೆ. ಈ ಅಭಿರುಚಿ ಪರದೇಶದಿಂದ ಬಂದ ಹೊಸ ಹವ್ಯಾಸವೆಂದು ಅನೇಕರು ಭಾವಿಸಿದ್ದಾರೆ. ಮನೆಗಳನ್ನು ಗೆರೆ ಹಾಕಿ, ಅವುಗಳೊಳಗೆ ಅಕ್ಷರವನ್ನೋ ಅಂಕಿಯನ್ನೋ ಒಂದು ನಿಯಮಕ್ಕೆ ಕಟ್ಟುಬಿದ್ದು ತುಂಬುವ ಕಲೆ ಭಾರತದಲ್ಲಿ ಸಾವಿರದ ನಾಲ್ಕುನೂರು ವರ್ಷಗಳಿಗೂ ಹಿಂದಿನದು. ಅದರ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಸಲ್ಲತಕ್ಕ ಭಾಗವೂ ಅಲ್ಪವಲ್ಲ.

2

ಚೌಕದ ಮನೆಗಳಲ್ಲಿ ಅಕ್ಷರಗಳನ್ನು ಕಟ್ಟುವ ಕೌಶಲಕ್ಕೆ ಚಿತ್ರಬಂಧವೆಂದು ಹೆಸರು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವೆಂಬ ಬಂಧವೊಂದಿದೆ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳನ್ನು ಕ್ರಮವಾಗಿ ಬರೆದು, ಕೆಳಗೆ ಅವನ್ನೇ ವ್ಯುತ್ಕ್ರಮದಲ್ಲಿ ಬರೆದರೆ ಎಂಟಕ್ಕೆ ಎಂಟರ ಚೌಕ ಪೂರ್ಣವಾಗುತ್ತದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಪದ್ಯ ಬರುತ್ತದೆ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಕ್ರಿ.ಶ. 634ರಲ್ಲಿ, ರವಿಕೀರ್ತಿ ರಚಿಸಿದ ಐಹೊಳೆಯ ಶಾಸನ ಕಾಳಿದಾಸನೊಡನೆ ಭಾರವಿಯನ್ನೂ ಹೆಸರಿಸುತ್ತದೆ. ಆದುದರಿಂದ ಏಳನೆಯ ಶತಮಾನದ ಹೊತ್ತಿಗೇ ಈ ಕವಿಯ ಕೀರ್ತಿ ಮಲಪ್ರಭೆಯ ತೀರವನ್ನು ಮುಟ್ಟಿತ್ತೆಂಬುದು ನಿಸ್ಸಂದೇಹ.

ಅಂಕಿಗಳ ಚೌಕವೂ ಅಷ್ಟೇ ಪ್ರಾಚೀನ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ ಹದಿನಾರು ಸುಗಂಧದ್ರವ್ಯಗಳನ್ನು ನಾಲ್ಕಕ್ಕೆ ನಾಲ್ಕರ ಚೌಕದಲ್ಲಿರಿಸಿದ್ದಾನೆ. ಒಂದರಿಂದ ಎಂಟರವರೆಗಿನ ಅಂಕಿಗಳು ಅದರಲ್ಲಿ ಎರಡೆರಡು ಸಲ ಬರುತ್ತವೆ. ಅಡ್ಡಸಾಲು, ಕಂಬಸಾಲು, ಕರ್ಣ ಯಾವುದನ್ನು ಕೂಡಿದರೂ ಮೊತ್ತ 18. ಪರಿಮಳ ತಯಾರಿಸುವವನು ಯಾವ ಸಾಲಿನ ನಾಲ್ಕು ದ್ರವ್ಯಗಳನ್ನು ಆರಿಸಿಕೊಂಡರೂ ಒಟ್ಟು ಅಳತೆ ತಪ್ಪದಿರಲೆಂಬುದೇ ಇದರ ಉದ್ದೇಶ. ಚೌಕ ಇಲ್ಲಿ ಮಂತ್ರವೂ ಅಲ್ಲ, ವಿನೋದವೂ ಅಲ್ಲ, ಕಸುಬಿನ ಉಪಕರಣ.

ಭಾರವಿಯ ಅಕ್ಷರಚೌಕ ಮತ್ತು ವರಾಹಮಿಹಿರನ ಅಂಕಚೌಕ ಇವೆರಡರಲ್ಲಿಯೂ ಮನೆಗಳ ಸ್ಥಾನ ಸ್ಥಿರವಾದುದು. ಅವುಗಳಿಗೆ ಚಲನೆಯನ್ನು ತಂದುದು ಚದುರಂಗದ ಕುದುರೆ.

3

ತುರಗಪದದ ಬಗ್ಗೆ ಇದುವರೆಗೆ ತಿಳಿದುಬಂದಿರುವ ಅತ್ಯಂತ ಪ್ರಾಚೀನ ಉದಾಹರಣೆಗಳಲ್ಲಿ ಕಾಶ್ಮೀರದ ರುದ್ರಟನ ಕಾವ್ಯಾಲಂಕಾರದಲ್ಲಿರುವುದು ಪ್ರಮುಖವಾದುದು. ಕಾಲ ಒಂಬತ್ತನೆಯ ಶತಮಾನ. ಬಗ್ದಾದಿನ ಚದುರಂಗಪಟು ಅಲ್ ಆದ್ಲಿಯ ಹೆಸರಿನಲ್ಲಿ ಉಳಿದುಬಂದಿರುವ ಕುದುರೆಯ ಸುತ್ತೂ ಅದೇ ಶತಮಾನದ್ದು. ರುದ್ರಟನ ಗ್ರಂಥಕ್ಕೆ ಹನ್ನೊಂದನೆಯ ಶತಮಾನದಲ್ಲಿ ಜೈನ ಪಂಡಿತ ನಮಿಸಾಧು ಟೀಕೆಯನ್ನು ಬರೆದಿದ್ದಾನೆ.

ರುದ್ರಟ ತೆಗೆದುಕೊಂಡುದು ಅರ್ಧ ಹಾಸು. ಎಂಟೆಂಟು ಮನೆಗಳ ನಾಲ್ಕು ಸಾಲು. ಅನುಷ್ಟುಪ್ ಶ್ಲೋಕಕ್ಕೂ ಎಂಟೆಂಟು ಅಕ್ಷರಗಳ ನಾಲ್ಕು ಪಾದ. ಛಂದಸ್ಸಿನ ಅಳತೆಯೂ ಹಾಸಿನ ಅಳತೆಯೂ ಹೀಗೆ ಕೂಡಿಕೊಂಡಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಮನೆಗೊಂದರಂತೆ ಬರೆದ ಅಕ್ಷರಗಳನ್ನು ಸಾಲಿನ ಕ್ರಮದಲ್ಲಿ ಓದಿದರೂ, ಕುದುರೆಯ ನಡೆಯ ಕ್ರಮದಲ್ಲಿ ಓದಿದರೂ, ಒಂದೇ ಶ್ಲೋಕ ಬರುವಂತೆ ರಚಿಸಬಹುದೆ? ರುದ್ರಟ ರಚಿಸಿ ತೋರಿಸಿದ್ದಾನೆ. ಅವನ ಕುದುರೆ ನಡೆದ ಹಾದಿ ಇದು:

1 30 9 20 3 24 11 26
16 19 2 29 10 27 4 23
31 8 17 14 21 6 25 12
18 15 32 7 28 13 22 5

ವಾಚಕರು ಬೆರಳಿಟ್ಟು ನೋಡಬಹುದು. ಮೊದಲ ಸಾಲಿನ ಮೊದಲ ಮನೆಯಿಂದ ಹೊರಟ ಕುದುರೆ ಎರಡನೆಯ ಸಾಲಿನ ಮೂರನೆಯ ಮನೆಗೆ, ಅಲ್ಲಿಂದ ಮೊದಲ ಸಾಲಿನ ಐದನೆಯ ಮನೆಗೆ ಹಾರುತ್ತ, ಮೂವತ್ತೆರಡನೆಯದಾಗಿ ನಾಲ್ಕನೆಯ ಸಾಲಿನ ಮೂರನೆಯ ಮನೆಯಲ್ಲಿ ನಿಲ್ಲುತ್ತದೆ. ನಿಂತ ಸ್ಥಳವೂ ಸಾರ್ಥಕವಾದುದೇ. ಅಲ್ಲಿಂದ ಇನ್ನೊಂದು ಹಾರಿಕೆಗೆ ಕುದುರೆ ಕೆಳಗಿನ ಅರ್ಧದ ಮೊದಲ ಮನೆಯನ್ನು ಮುಟ್ಟುತ್ತದೆ. ಅಲ್ಲಿ ಮತ್ತೆ ಇದೇ ಹಾದಿಯನ್ನು ಹಿಡಿದರೆ ಅರವತ್ತನಾಲ್ಕು ಮನೆಗಳೂ ಮುಗಿಯುತ್ತವೆ. ಅರ್ಧ ಹಾಸಿನ ಉತ್ತರದಲ್ಲಿ ಪೂರ್ಣ ಹಾಸಿನ ಉತ್ತರವೂ ಅಡಗಿದೆ.

ಈ ಶ್ಲೋಕವನ್ನು ಕುರಿತು ಒಂದು ಆಕ್ಷೇಪಣೆ ಉಂಟು. ಅದರಲ್ಲಿರುವುದು ನಾಲ್ಕೇ ಬಗೆಯ ಅಕ್ಷರಗಳು: ಸೇ, ನಾ, ಲೀ, ಲೇ. ಇವುಗಳಲ್ಲಿ ‘ನಾ’ ಹದಿನೈದು ಸಲ, ‘ಲೀ’ ಹದಿನೈದು ಸಲ, ‘ಸೇ’ ಮತ್ತು ‘ಲೇ’ ಒಂದೊಂದೇ ಸಲ ಬರುತ್ತವೆ. ಇಷ್ಟು ಬಡ ಸಾಮಗ್ರಿಯಿಂದ ಕಟ್ಟಿದ ಪದ್ಯದಲ್ಲಿ ಕವಿತ್ವವೆಲ್ಲಿ ಎಂದು ಕೇಳುವುದು ಸಹಜ. ಆದರೆ ಹಾದಿಯನ್ನು ಪರೀಕ್ಷಿಸಿದರೆ ಈ ಬಡತನ ಕವಿಯದಲ್ಲ, ಹಾಸಿನದು ಎಂಬುದು ಸ್ಪಷ್ಟವಾಗುತ್ತದೆ.

ಎರಡು ಓದುಗಳೂ ಒಂದೇ ಆಗಬೇಕಾದರೆ, ಕುದುರೆ ಎರಡನೆಯದಾಗಿ ಮೆಟ್ಟುವ ಮನೆಯ ಅಕ್ಷರವೂ ಶ್ಲೋಕದ ಎರಡನೆಯ ಅಕ್ಷರವೂ ಒಂದೇ ಆಗಿರಬೇಕು. ಕುದುರೆಯ ಎರಡನೆಯ ಮನೆ ಸಾಲಿನ ಎಣಿಕೆಯಲ್ಲಿ ಹನ್ನೊಂದನೆಯದು. ಆದುದರಿಂದ ಎರಡನೆಯ ಅಕ್ಷರಕ್ಕೂ ಹನ್ನೊಂದನೆಯ ಅಕ್ಷರಕ್ಕೂ ಭೇದವಿರಕೂಡದು. ಕುದುರೆಯ ಹನ್ನೊಂದನೆಯ ಮನೆ ಸಾಲಿನಲ್ಲಿ ಏಳನೆಯದು. ಅಲ್ಲಿಯೂ ಅದೇ ಅಕ್ಷರ ಬರಬೇಕು. ಏಳರಿಂದ ಇಪ್ಪತ್ತೆಂಟು, ಅದರಿಂದ ಇಪ್ಪತ್ತೊಂಬತ್ತು, ಹೀಗೆ ಹಿಡಿದುಹೋದರೆ ಹದಿನೈದು ಮನೆಗಳ ಒಂದು ಸರಪಣಿಯಾಗಿ ಕೊನೆಗೆ ಎರಡಕ್ಕೇ ಬಂದು ಸೇರುತ್ತದೆ. ಮೂರನೆಯ ಮನೆಯಿಂದ ಹೊರಟರೆ ಮತ್ತೆ ಹದಿನೈದು ಮನೆಗಳ ಇನ್ನೊಂದು ಸರಪಣಿ. ಒಂದನೆಯ ಮತ್ತು ಇಪ್ಪತ್ತೊಂದನೆಯ ಮನೆಗಳು ಎರಡು ಎಣಿಕೆಗಳಲ್ಲಿಯೂ ಸ್ವಸ್ಥಾನದಲ್ಲಿಯೇ ನಿಲ್ಲುತ್ತವೆ. ಹದಿನೈದು, ಹದಿನೈದು, ಒಂದು, ಒಂದು: ಒಟ್ಟು ಮೂವತ್ತೆರಡು. ಎಂದರೆ ಈ ಹಾದಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಬಗೆಯ ಅಕ್ಷರಗಳನ್ನು ಬಳಸಲು ಯಾವ ಕವಿಗೂ ಸಾಧ್ಯವಿಲ್ಲ. ಹಾಸು ಕೊಟ್ಟ ನಾಲ್ಕು ಅವಕಾಶಗಳನ್ನೂ ರುದ್ರಟ ಬಿಡದೆ ಉಪಯೋಗಿಸಿದ್ದಾನೆ; ‘ಸೇ’ ಒಂದನೆಯ ಮನೆಯಲ್ಲಿಯೂ ‘ಲೇ’ ಇಪ್ಪತ್ತೊಂದನೆಯ ಮನೆಯಲ್ಲಿಯೂ ಇವೆ. ವಿಮರ್ಶೆಯ ಕಣ್ಣಿಗೆ ದಾರಿದ್ರ್ಯವಾಗಿ ಕಂಡುದು ಗಣಿತದ ಕಣ್ಣಿಗೆ ಪೂರ್ಣತೆಯಾಗಿ ಕಾಣುತ್ತದೆ.

4

ಕಾಶ್ಮೀರದಲ್ಲಿ ಹುಟ್ಟಿದ ಈ ವಿದ್ಯೆಯ ಮುಂದಿನ ಸಾಕ್ಷ್ಯ ಕನ್ನಡ ನೆಲದಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಮಾನಸೋಲ್ಲಾಸ ಐದು ಪ್ರಕರಣಗಳ, ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ರಾಜ್ಯವನ್ನು ಗಳಿಸುವುದರಿಂದ ಮೊದಲುಗೊಂಡು ಅಡಿಗೆ, ಸಂಗೀತ, ಚಿತ್ರ, ಆನೆಗಳ ಪಾಲನೆಯವರೆಗೆ ಅರಸನು ಅರಿಯಬೇಕಾದುದೆಲ್ಲವೂ ಅದರೊಳಗಿದೆ. ಕಡೆಯ ಪ್ರಕರಣವಾದ ಕ್ರೀಡಾವಿಂಶತಿಯಲ್ಲಿ ಚದುರಂಗಕ್ಕೂ ಸ್ಥಾನ ದೊರೆತಿದೆ. ಅಲ್ಲಿಯೇ ಕುದುರೆಯ ಸುತ್ತಿನ ವಿಷಯವೂ ಬರುತ್ತದೆ.

ಅದರ ವಿಶೇಷವೆಂದರೆ ಮನೆಗಳನ್ನು ಹೆಸರಿಸುವ ಕ್ರಮ. ವ್ಯಂಜನಗಳನ್ನು ಒಂದು ದಿಕ್ಕಿಗೂ ಸ್ವರಗಳನ್ನು ಇನ್ನೊಂದು ದಿಕ್ಕಿಗೂ ಗೊತ್ತುಮಾಡಿದರೆ ಪ್ರತಿಯೊಂದು ಮನೆಯ ಹೆಸರೂ ಒಂದು ಗುಣಿತಾಕ್ಷರವಾಗುತ್ತದೆ. ಕುದುರೆಯ ಹಾದಿ ಆಗ ಅಕ್ಷರಗಳ ಮಾಲೆಯಾಗುತ್ತದೆ. ಮಾಲೆಯನ್ನು ಬಾಯಿಪಾಠ ಮಾಡಿದವನು ಹಾಸನ್ನು ನೋಡದೆಯೇ ಸುತ್ತನ್ನು ಮುಗಿಸಬಲ್ಲನು. ಕಾಗುಣಿತವನ್ನು ಬಲ್ಲ ಯಾವ ಮಗುವಿಗೂ ಈ ಉಪಾಯ ಕೂಡಲೇ ಅರ್ಥವಾಗತಕ್ಕುದು. ಎರಡು ಅಕ್ಷಗಳ ಮೇಲೆ ಅಳೆದು ಒಂದು ಬಿಂದುವನ್ನು ನಿರ್ದೇಶಿಸುವ ರೀತಿ ಯೂರೋಪಿನಲ್ಲಿ ಡೆಕಾರ್ಟೆಯ ಹೆಸರಿನೊಡನೆ ಹದಿನೇಳನೆಯ ಶತಮಾನದಲ್ಲಿ ಪ್ರಸಿದ್ಧವಾಯಿತು. ಮಾನಸೋಲ್ಲಾಸಕಾರನ ಉದ್ದೇಶ ಅಷ್ಟು ದೂರ ಹೋಗಲಿಲ್ಲ. ಆದರೆ ಸ್ವರವ್ಯಂಜನಗಳ ಕೋಷ್ಟಕವನ್ನು ಸ್ಥಾನನಿರ್ದೇಶಕ್ಕೆ ಬಳಸಿದ ಜಾಣ್ಮೆ ಗಮನಾರ್ಹವಾದುದು.

ಹದಿನಾಲ್ಕನೆಯ ಶತಮಾನದಲ್ಲಿ ತುರಗಪದ ಭಕ್ತಿಯ ಕ್ಷೇತ್ರವನ್ನು ಪ್ರವೇಶಿಸಿತು. ಶ್ರೀವೈಷ್ಣವ ಆಚಾರ್ಯ ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿ ಚಿತ್ರಪದ್ಧತಿಯೆಂಬ ಭಾಗವೊಂದಿದೆ. ಅದರ 929ನೆಯ ಶ್ಲೋಕವನ್ನು ಅರ್ಧ ಹಾಸಿನಲ್ಲಿ ಬರೆದು ಕುದುರೆಯ ನಡೆಯಲ್ಲಿ ಓದಿದರೆ 930ನೆಯ ಶ್ಲೋಕ ಬರುತ್ತದೆ. ಹಾದಿ ರುದ್ರಟನದೇ, ನಿಯಮ ಮಾತ್ರ ಬೇರೆ. ರುದ್ರಟನಿಗೆ ಎರಡು ಓದಿನಲ್ಲಿಯೂ ಒಂದೇ ಶ್ಲೋಕ ಬೇಕಾಗಿದ್ದಿತು; ದೇಶಿಕರು ಒಂದರೊಳಗಿಂದ ಇನ್ನೊಂದನ್ನು ಹೊರಡಿಸಿದರು. ಅದರಿಂದ ಸರಪಣಿಯ ಬಂಧನ ಸಡಿಲವಾಗಿ ಅಕ್ಷರಸಂಪತ್ತು ಒಮ್ಮೆಗೇ ಹೆಚ್ಚಿತು. ಆದರೆ ಎರಡು ಬೇರೆ ಬೇರೆ ಅರ್ಥಗಳನ್ನು ಒಂದೇ ಅಕ್ಷರರಾಶಿಯಿಂದ ಹೊಂದಿಸುವ ಹೊಣೆ ಮೇಲೆ ಬಿದ್ದಿತು. ಒಂದನೆಯ ಮತ್ತು ಇಪ್ಪತ್ತೊಂದನೆಯ ಅಕ್ಷರಗಳು ಮಾತ್ರ ಎರಡು ಶ್ಲೋಕಗಳಲ್ಲಿಯೂ ಕದಲದೆ ನಿಂತಿವೆ. ಹಾದಿಯೊಂದೇ ಎಂಬುದಕ್ಕೆ ಅದೇ ಮುದ್ರೆ. ಶ್ರೀರಂಗದ ಮೇಲೆ ದಾಳಿಯಾದ ಕಾಲದಲ್ಲಿ ದೇಶಿಕರು ಕೊಳ್ಳೇಗಾಲದ ಸಮೀಪದ ಸತ್ಯಾಗಾಲದಲ್ಲಿ ವಾಸವಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ.

ಅದೇ ಶತಮಾನದಲ್ಲಿ, 1356ರಲ್ಲಿ, ನಾರಾಯಣ ಪಂಡಿತ ಗಣಿತಕೌಮುದಿಯನ್ನು ಮುಗಿಸಿದನು. ಅದರ ಭದ್ರಗಣಿತವೆಂಬ ಪ್ರಕರಣ ಮಾಯಾಚೌಕಗಳಿಗೆ ಮೀಸಲು. ನಾಲ್ಕಕ್ಕೆ ನಾಲ್ಕರ ಚೌಕವನ್ನು ತುಂಬಲು ಅವನು ಹಿಡಿದ ಉಪಾಯ ತುರಗಗತಿಯೇ. ಮುರಿದ ಕರ್ಣಗಳಲ್ಲಿಯೂ ಮೊತ್ತ ತಪ್ಪದ ಇಂತಹ ಚೌಕಗಳು 384 ಎಂದು ಅವನು ನಿರ್ಣಯಿಸಿದನು. ಆಧುನಿಕ ಗಣಿತ ಅದನ್ನು ಸರಿಯೆಂದು ಒಪ್ಪಿದೆ. ಈ ವಿದ್ಯೆಯ ಪ್ರಯೋಜನಗಳನ್ನು ಹೇಳುವಾಗ ಅವನು ಯಂತ್ರರಚನೆಯೊಡನೆ ಇನ್ನೆರಡನ್ನು ಸೇರಿಸಿದ್ದಾನೆ: ಒಳ್ಳೆಯ ಗಣಕರಿಗೆ ಸಂತೋಷ, ಅಲ್ಪಜ್ಞರಾದ ಗಣಕರ ಗರ್ವಭಂಗ. ಬುದ್ಧಿವ್ಯಾಯಾಮದ ಪಕ್ಷದಲ್ಲಿ ಇಷ್ಟು ನೇರವಾದ ಮಾತು ವಿರಳ.

5

ಈ ಕಲೆಗೆ ವಿರೋಧವೂ ಪ್ರಾಚೀನವಾದುದೇ. ವ್ಯಾಖ್ಯಾನವಿಲ್ಲದೆ ತಿಳಿಯದ ಕಾವ್ಯ ವಿದ್ವಾಂಸರಿಗೆ ಮಾತ್ರ ಹಬ್ಬವಾಗಿ ಉಳಿದವರ ಪಾಲಿಗೆ ವ್ಯರ್ಥವಾಗುವುದೆಂದು ಭಾಮಹ ಆಕ್ಷೇಪಿಸಿದನು. ದಂಡಿ ಅಷ್ಟು ನಿಷ್ಠುರನಲ್ಲ. ಪ್ರಹೇಳಿಕೆಗಳು ವಿನೋದಗೋಷ್ಠಿಗಳಲ್ಲಿಯೂ, ಜನರ ನಡುವೆ ಗುಟ್ಟಾಗಿ ಮಾತಾಡುವಾಗಲೂ, ಎದುರಾಳಿಯನ್ನು ಬೆರಗುಗೊಳಿಸುವಾಗಲೂ ಉಪಯೋಗಕ್ಕೆ ಬರುತ್ತವೆಂದು ಅವನ ಅಭಿಪ್ರಾಯ. ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದುಷ್ಕರ ಬಂಧಗಳಿಗೆ ವಿಶಾಲವಾದ ಸ್ಥಳವಿದೆ. ಕವಿರಾಜಮಾರ್ಗಕ್ಕೆ ಆ ಗ್ರಂಥವೇ ಮುಖ್ಯ ಆಧಾರವೆಂಬುದು ಕನ್ನಡಿಗರಿಗೆ ವಿದಿತ. ಧ್ವನಿಸಿದ್ಧಾಂತ ಬಲಗೊಂಡ ಮೇಲೆ ಆನಂದವರ್ಧನ ಚಿತ್ರಕಾವ್ಯವನ್ನು ಕಾವ್ಯದ ಅನುಕರಣವೆಂದನು. ಮಮ್ಮಟ ಅದನ್ನು ಅಧಮದ ಸಾಲಿಗೆ ಸೇರಿಸಿದನು.

ರಸದ ತಕ್ಕಡಿಯಲ್ಲಿ ತೂಗಿದಾಗ ಈ ತೀರ್ಪು ನ್ಯಾಯವಾದುದು. ಆದರೆ ಎರಡು ಪ್ರಶ್ನೆಗಳನ್ನು ಕಲಸಬಾರದು. ತುರಗಬಂಧ ಒಳ್ಳೆಯ ಕಾವ್ಯವೆ ಎಂಬುದು ಒಂದು ಪ್ರಶ್ನೆ. ಅದು ಒಳ್ಳೆಯ ವಿಚಾರವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಲಂಕಾರಿಕರು ಉತ್ತರ ಕೊಟ್ಟರು. ಎರಡನೆಯದಕ್ಕೆ ಉತ್ತರ ಕೊಟ್ಟವರು ಗಣಿತಜ್ಞರು.

ಅಂಕಿ ಅಕ್ಷರಗಳ ಚೌಕದ ಬಗ್ಗೆ ಕನ್ನಡದಲ್ಲಿ ನಡೆದ ಅತ್ಯಂತ ದೊಡ್ಡ ಚರ್ಚೆ ಸಿರಿಭೂವಲಯಕ್ಕೆ ಸಂಬಂಧಿಸಿದುದು. ಕುಮುದೇಂದು ಮುನಿಯ ಹೆಸರಿನಲ್ಲಿರುವ ಈ ಗ್ರಂಥದ ಮೊದಲ ಭಾಗ 1953ರಲ್ಲಿ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಇವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಅಚ್ಚಾಯಿತು. ಇಪ್ಪತ್ತೇಳಕ್ಕೆ ಇಪ್ಪತ್ತೇಳು, ಎಂದರೆ 729 ಮನೆಗಳ ಚಕ್ರಗಳಲ್ಲಿ ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳನ್ನು ತುಂಬಿ, ಅಂಕಿಗೊಂದು ಅಕ್ಷರವೆಂದು ಗ್ರಹಿಸಿ, ಗೊತ್ತಾದ ಬಂಧದಲ್ಲಿ ಚಲಿಸಿದರೆ ಕನ್ನಡ ಸಾಂಗತ್ಯ ಹೊರಡುತ್ತದೆ. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ತೀವ್ರವಾದ ಭಿನ್ನಾಭಿಪ್ರಾಯವಿದೆ. ಒಂಬತ್ತನೆಯ ಶತಮಾನದ್ದೆಂಬ ವಾದವನ್ನು ಭಾಷೆಯ ಆಧಾರದಿಂದ ಅನೇಕರು ಒಪ್ಪಿಲ್ಲ. ಕಾಲ ಯಾವುದಾದರೂ, ಮನೆಗಳ ಮೇಲೆ ನಡೆಯುವ ಹಾದಿಯೇ ಓದುವ ಹಾದಿ ಎಂಬ ತತ್ತ್ವದಲ್ಲಿ ಅದು ತುರಗಪದದ ಬಂಧುವೇ ಸರಿ.

6

ಯೂರೋಪಿನಲ್ಲಿ ಈ ಸಮಸ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಲಿಯೊನಾರ್ಡ್ ಆಯ್ಲರ್. ಬರ್ಲಿನ್ ಅಕಾಡೆಮಿಯ 1759ನೆಯ ವರ್ಷದ ಸಂಪುಟದಲ್ಲಿ ಅವನ ಪ್ರಬಂಧ ಸೇರಿದೆ. ಮನಸ್ಸಿಗೆ ಬಂದಂತೆ ಕುದುರೆಯನ್ನು ನಡೆಸಿ, ಅದು ಸಿಕ್ಕಿಬಿದ್ದಾಗ ಹಾದಿಯ ತುಂಡುಗಳನ್ನು ತಿರುಗಿಸಿ ಜೋಡಿಸಿ, ಉಳಿದ ಮನೆಗಳನ್ನು ಒಳಸೇರಿಸಿಕೊಳ್ಳುವ ಕ್ರಮವನ್ನು ಅವನು ವಿವರಿಸಿದನು. ದೈವಯೋಗದಿಂದ ಸಿಕ್ಕುವ ಉತ್ತರಕ್ಕೆ ಬದಲಾಗಿ ಉತ್ತರವನ್ನು ಹುಡುಕುವ ವಿಧಾನ ಆಗ ದೊರೆಯಿತು.

1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಇನ್ನೂ ಸುಲಭವಾದ ಸೂತ್ರವನ್ನು ಕೊಟ್ಟನು. ಹಾಸಿನ ನಾಲ್ಕು ಮೂಲೆಗಳಿಂದ ಕುದುರೆಗೆ ಎರಡೆರಡೇ ದಾರಿ. ಮೂಲೆಯ ಪಕ್ಕದಲ್ಲಿ ಅಂಚಿಗಿರುವ ಎಂಟು ಮನೆಗಳಿಂದ ಮೂರು ಮೂರು. ನಡುವಿನ ಹದಿನಾರು ಮನೆಗಳಿಂದ ಎಂಟೆಂಟು. ಆದುದರಿಂದ ಮುಂದೆ ಅತ್ಯಂತ ಕಡಮೆ ದಾರಿಗಳುಳ್ಳ ಮನೆಯನ್ನೇ ಮೊದಲು ಮೆಟ್ಟಬೇಕು. ಬಡವನ ಸಾಲವನ್ನು ಮೊದಲು ತೀರಿಸು, ಶ್ರೀಮಂತನದು ಕಾಯಬಲ್ಲುದು ಎಂಬಂತಹ ವಿವೇಕ ಇದು.

ಅಸಾಧ್ಯವನ್ನು ಅರಿಯುವುದೂ ಈ ವ್ಯಾಯಾಮದ ಭಾಗ. ಐದಕ್ಕೆ ಐದರ ಹಾಸಿನಲ್ಲಿ ಹೊರಟ ಮನೆಗೇ ಮರಳುವ ಸುತ್ತನ್ನು ಹುಡುಕುವವನು ಜನ್ಮವೆಲ್ಲ ಹುಡುಕಿದರೂ ಕಾಣಲಾರನು. ಕುದುರೆ ಪ್ರತಿ ಹಾರಿಕೆಗೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಬಣ್ಣ ಬದಲಿಸುತ್ತದೆ, ಹೊರಟ ಬಣ್ಣಕ್ಕೆ ಮರಳಬೇಕಾದರೆ ಹಾರಿಕೆಗಳ ಸಂಖ್ಯೆ ಸಮವಾಗಿರಬೇಕು, ಮನೆಗಳಾದರೋ ಇಪ್ಪತ್ತೈದು. ಎರಡು ವಾಕ್ಯಗಳ ಈ ತರ್ಕ ಕೊನೆಯಿಲ್ಲದ ಹುಡುಕಾಟವನ್ನು ನಿಲ್ಲಿಸುತ್ತದೆ. ಎಂಟಕ್ಕೆ ಎಂಟರ ಹಾಸಿನಲ್ಲಿ ಅಂತಹ ಅಡ್ಡಿಯಿಲ್ಲ. ಹೊರಟಲ್ಲಿಗೇ ಮರಳುವ ಸುತ್ತುಗಳ ಸಂಖ್ಯೆ 13,267,364,410,532 ಎಂದು 1997ರಲ್ಲಿ ಯಂತ್ರಗಣನೆಯಿಂದ ನಿಶ್ಚಯವಾಯಿತು; ಹದಿಮೂರು ಲಕ್ಷ ಕೋಟಿಗೂ ಮೀರಿದ ಎಣಿಕೆ.

ಆಯ್ಲರನ ಇನ್ನೊಂದು ಚೌಕದ ಕಥೆಯಲ್ಲಿ ಭಾರತೀಯರ ಪಾತ್ರವಿದೆ. ಆರು ದಳಗಳಿಂದ ಆರು ಪದವಿಗಳ ಮೂವತ್ತಾರು ಅಧಿಕಾರಿಗಳನ್ನು, ಯಾವ ಸಾಲಿನಲ್ಲಿಯೂ ದಳವಾಗಲಿ ಪದವಿಯಾಗಲಿ ಪುನರುಕ್ತವಾಗದಂತೆ ಚೌಕದಲ್ಲಿ ನಿಲ್ಲಿಸುವುದು ಅಸಾಧ್ಯವೆಂದು 1782ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಊಹಿಸಿದನು. ಹತ್ತು, ಹದಿನಾಲ್ಕು, ಹದಿನೆಂಟು ಮೊದಲಾದ ಸಂಖ್ಯೆಗಳಿಗೂ ಇದೇ ಗತಿಯೆಂದನು. ಆರರ ವಿಷಯದಲ್ಲಿ ಅವನ ಮಾತು ನಿಜವೆಂದು ಫ್ರಾನ್ಸಿನ ಗಾಸ್ತೋಂ ತಾರಿ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಸಾಧಿಸಿದನು. ಉಳಿದ ಊಹೆಯನ್ನು 1959–60ರಲ್ಲಿ ಕೆಡವಿದವರು ರಾಜಚಂದ್ರ ಬೋಸ್, ಎಸ್. ಎಸ್. ಶ್ರೀಖಂಡೆ ಮತ್ತು ಅಮೆರಿಕದ ಪಾರ್ಕರ್. ಇವರಲ್ಲಿ ಶ್ರೀಖಂಡೆಯವರು ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು.

ಪ್ರತಿ ಸಾಲಿನಲ್ಲಿಯೂ ಪ್ರತಿ ಅಂಕಿ ಒಂದೇ ಸಲ ಬರಬೇಕೆಂಬ ಈ ಲ್ಯಾಟಿನ್ ಚೌಕಕ್ಕೆ ಒಂಬತ್ತು ಒಳಚೌಕಗಳ ನಿಯಮವನ್ನು ಸೇರಿಸಿದುದೇ ಸುಡೊಕು. ಹೆಸರು ಜಪಾನಿನದಾದರೂ ಅದು ಮೊದಲು ಅಚ್ಚಾದುದು 1979ರಲ್ಲಿ ಅಮೆರಿಕದ ಒಂದು ಸಮಸ್ಯಾಪತ್ರಿಕೆಯಲ್ಲಿ. ರಚಿಸಿದವನು ಹೊವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ ಎಂದು ಒಪ್ಪಿದ್ದಾರೆ. ಪೂರ್ಣವಾಗಿ ತುಂಬಿದ ಸುಡೊಕು ಚೌಕಗಳ ಸಂಖ್ಯೆ 6,670,903,752,021,072,936,960 ಎಂದು 2005ರಲ್ಲಿಯೂ, ಹದಿನೇಳಕ್ಕಿಂತ ಕಡಮೆ ಅಂಕಿಗಳನ್ನು ಕೊಟ್ಟರೆ ಉತ್ತರ ಏಕೈಕವಾಗಿ ನಿಲ್ಲದೆಂದು 2012ರಲ್ಲಿಯೂ ನಿರ್ಣಯವಾಯಿತು.

7

ಇಷ್ಟು ಹಿನ್ನೆಲೆಯಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹಾಸನ್ನು ನೋಡತಕ್ಕುದು. 1794ರಲ್ಲಿ ಹುಟ್ಟಿದ ಇವರು ಟೀಪೂವಿನ ಪತನಾನಂತರ 1799ರಲ್ಲಿ ಐದು ವರ್ಷದ ಬಾಲಕರಾಗಿ ಸಿಂಹಾಸನವನ್ನೇರಿದರು. ನಗರದ ದಂಗೆಯನ್ನು ನೆಪವಾಗಿ ಹಿಡಿದು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಅರಸರಿಗೆ ಬಿರುದು ಉಳಿಯಿತು, ಅರಮನೆ ಉಳಿಯಿತು, ವರ್ಷಾಶನ ಉಳಿಯಿತು, ರಾಜ್ಯ ಉಳಿಯಲಿಲ್ಲ. 1868ರ ಮಾರ್ಚಿಯಲ್ಲಿ ತೀರಿಕೊಳ್ಳುವವರೆಗೆ ಮೂವತ್ತೇಳು ವರ್ಷ ಕಾಲ ಅವರು ಹಾಗೆಯೇ ಬದುಕಿದರು.

ಆ ಅವಧಿಯಲ್ಲಿ ಅರಮನೆ ಗ್ರಂಥಗಳ ಆಗರವಾಯಿತು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಅವುಗಳಲ್ಲಿ ಪ್ರಸಿದ್ಧವಾದುದು. ಅದರ ಕಡೆಯ ಭಾಗವಾದ ಕೌತುಕನಿಧಿಗೆ ಆಟಗಳೇ ವಿಷಯ. ಹಲವು ಆಕಾರದ ಚದುರಂಗದ ಹಾಸುಗಳು, ಇಸ್ಪೀಟಿಗೆ ಸಮಾನವಾದ ಗಂಜೀಫಿನ ಹೊಸ ಹೊಸ ಪ್ರಭೇದಗಳು, ಮಾಯಾಚೌಕಗಳು ಅರಸರ ಕಲ್ಪನೆಯಿಂದ ಹೊರಟವು. ತುರಗಪದದಲ್ಲಿ ಅವರ ಶ್ರಮ ವಿಶೇಷವಾದುದು.

ಅವರು ಹಿಡಿದ ಸಮಸ್ಯೆ ರುದ್ರಟನದಕ್ಕಿಂತಲೂ ಆಯ್ಲರನದಕ್ಕಿಂತಲೂ ಕಠಿನ. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಹಾಕಿದಾಗ ಆ ಅಂಕಿಗಳು ಮಾಯಾಚೌಕವೂ ಆಗಬೇಕು. ಅಂಕಿಗಳ ಒಟ್ಟು ಮೊತ್ತ 2,080. ಎಂಟು ಸಾಲುಗಳಿಗೆ ಹಂಚಿದರೆ ಸಾಲೊಂದಕ್ಕೆ 260. ಅಡ್ಡಸಾಲುಗಳೆಲ್ಲವೂ ಕಂಬಸಾಲುಗಳೆಲ್ಲವೂ 260 ಆಗುವಂತಹ ಮೊದಲ ಸುತ್ತನ್ನು ವಿಲಿಯಂ ಬೆವರ್ಲಿ ಲಂಡನ್ನಿನಲ್ಲಿ 1848ರಲ್ಲಿ ಪ್ರಕಟಿಸಿದನು. ಅದಾದ ಕೆಲವೇ ವರ್ಷಗಳಲ್ಲಿ, ಸುಮಾರು 1852ರಿಂದ 1868ರ ನಡುವೆ, ಮುಮ್ಮಡಿಯವರು ಅಂತಹುದೇ ಬೇರೊಂದು ಸುತ್ತನ್ನು ಸಾಧಿಸಿದರು. ಈ ವಿಷಯವನ್ನು ಬರೆಯುವ ಪಾಶ್ಚಾತ್ಯ ಚರಿತ್ರಕಾರರು ಅವರಿಗೆ ಆದ್ಯರ ಪಂಕ್ತಿಯಲ್ಲಿಯೇ ಸ್ಥಾನ ಕೊಟ್ಟಿದ್ದಾರೆ.

ಒಂದು ಕೊರತೆ ಉಳಿದಿತ್ತು. ಎರಡು ಕರ್ಣಗಳೂ 260 ಆಗದೆ ಮಾಯಾಚೌಕ ಸಂಪೂರ್ಣವಲ್ಲ. ಬೆವರ್ಲಿಯಿಂದಾಗಲಿ ಮೈಸೂರಿನ ಅರಸರಿಂದಾಗಲಿ ಅನಂತರ ಒಂದೂವರೆ ಶತಮಾನ ಹುಡುಕಿದವರಿಂದಾಗಲಿ ಅದು ಆಗಲಿಲ್ಲ. ಕೊನೆಗೆ 2003ರ ಆಗಸ್ಟಿನಲ್ಲಿ, ಅರವತ್ತಕ್ಕೂ ಹೆಚ್ಚು ದಿನಗಳ ಯಂತ್ರಗಣನೆಯ ಬಳಿಕ, ನಿರ್ಣಯ ಹೊರಬಿದ್ದಿತು: ಸಾಲುಗಳು ಮಾತ್ರ ಒದಗುವ ಸುತ್ತುಗಳು ಮೂಲತಃ 140, ಕರ್ಣಗಳೂ ಒದಗುವ ಸುತ್ತು ಎಂಟಕ್ಕೆ ಎಂಟರ ಹಾಸಿನಲ್ಲಿ ಒಂದೂ ಇಲ್ಲ. ಮೈಸೂರಿನ ಅರಮನೆಯಲ್ಲಿ ಕುಳಿತ ವ್ಯಕ್ತಿ ಎಣ್ಣೆಯ ದೀಪದ ಬೆಳಕಿನಲ್ಲಿ ಮುಟ್ಟಿದ್ದ ಮಟ್ಟವೇ ಮುಟ್ಟಬಹುದಾದ ಕಡೆಯ ಮಟ್ಟವಾಗಿತ್ತು. ಅವರಿಗೆ ಸಿಕ್ಕದಿದ್ದುದು ಯಾರಿಗೂ ಸಿಕ್ಕತಕ್ಕುದಾಗಿರಲಿಲ್ಲ.

ರಾಜ್ಯ ಕಳೆದುಕೊಂಡ ದೊರೆಯ ಕಾಲಹರಣವೆಂದು ಈ ವ್ಯವಸಾಯವನ್ನು ತಳ್ಳಿಹಾಕುವುದು ಸುಲಭ. ಆದರೆ ಅದೇ ವರ್ಷಗಳಲ್ಲಿ ಅವರು ರಾಜ್ಯವನ್ನು ಮರಳಿ ಪಡೆಯಲು ಮನವಿಯ ಮೇಲೆ ಮನವಿಯನ್ನು ಬರೆಯುತ್ತಿದ್ದರೆಂಬುದನ್ನು ಮರೆಯಲಾಗದು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಬ್ರಿಟಿಷ್ ಸರಕಾರ ಆ ದತ್ತಕವನ್ನು 1867ರಲ್ಲಿ ಒಪ್ಪಿತು. 1881ರಲ್ಲಿ ರಾಜ್ಯ ಒಡೆಯರ ವಂಶಕ್ಕೆ ಹಿಂದಿರುಗಿತು. ಮುಚ್ಚಿದ ಬಾಗಿಲುಗಳ ನಡುವೆ ಉಳಿದ ಒಂದು ದಾರಿಯನ್ನು ಸಹನೆಯಿಂದ ಹುಡುಕುವ ಸ್ವಭಾವ ಹಾಸಿನ ಮೇಲೆ ಒಂದು ಬಗೆಯದು, ರಾಜಕಾರಣದಲ್ಲಿ ಇನ್ನೊಂದು ಬಗೆಯದು ಎನ್ನಲಾಗದು. ಆಟ ಆ ಸ್ವಭಾವವನ್ನು ಕೊಟ್ಟಿತೆಂದು ಸಾಧಿಸುವುದು ಚರಿತ್ರೆಯ ಕೆಲಸವಲ್ಲ. ಎರಡು ಕಡೆಯಲ್ಲಿಯೂ ಅದು ಕಾಣುತ್ತದೆಂದು ತೋರಿಸಿದರೆ ಸಾಕು.

8

ಇಂತಹ ಸಮಸ್ಯೆಗಳಿಂದ ಬುದ್ಧಿ ಬೆಳೆಯುವುದೆ? ಇಂದಿನ ವಿಜ್ಞಾನ ಎಚ್ಚರಿಕೆಯಿಂದ ಮಾತಾಡುತ್ತದೆ. ಅಮೆರಿಕದಲ್ಲಿ ಅರವತ್ತೈದು ದಾಟಿದ 2,832 ಮಂದಿಯನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಪರೀಕ್ಷೆಯೊಂದರ ಮೊದಲ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ನೆನಪನ್ನು ಅಭ್ಯಾಸ ಮಾಡಿದವರಿಗೆ ನೆನಪು, ತರ್ಕವನ್ನು ಅಭ್ಯಾಸ ಮಾಡಿದವರಿಗೆ ತರ್ಕ, ಚುರುಕನ್ನು ಅಭ್ಯಾಸ ಮಾಡಿದವರಿಗೆ ಚುರುಕು ಹೆಚ್ಚಿತು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಮಾಡಿದ ಅಭ್ಯಾಸ ಮಾಡಿದ ಕೆಲಸಕ್ಕೆ ಸಲ್ಲುತ್ತದೆಂಬುದು ಅದರ ತಾತ್ಪರ್ಯ. ಆದುದರಿಂದ ದಿನಕ್ಕೊಂದು ಚೌಕವನ್ನು ತುಂಬಿದರೆ ಮುಪ್ಪಿನ ಮರೆವು ಬಾರದೆಂಬ ಜಾಹೀರಾತಿನ ಮಾತಿಗೆ ಮರುಳಾಗಬೇಕಾಗಿಲ್ಲ.

ಪ್ರಾಚೀನರು ಅಂತಹ ಭರವಸೆಯನ್ನು ಕೊಡಲೂ ಇಲ್ಲ. ದಂಡಿ ಹೇಳಿದುದು ಗೋಷ್ಠಿಯ ವಿನೋದವನ್ನು. ನಾರಾಯಣ ಪಂಡಿತ ಹೇಳಿದುದು ಸಜ್ಜನ ಗಣಕರ ಸಂತೋಷವನ್ನು. ಆ ಗೋಷ್ಠಿ ಇನ್ನೂ ಮುಗಿದಿಲ್ಲ. ಶತಾವಧಾನಿ ಆರ್. ಗಣೇಶ್ ಅವರಿಂದ ಕನ್ನಡದಲ್ಲಿ ಮತ್ತೆ ಪ್ರಚುರವಾದ ಅವಧಾನಕಲೆಯಲ್ಲಿ ಸಂಖ್ಯಾಬಂಧವೆಂಬುದೊಂದು ಅಂಗವಿದೆ. ಪದ್ಯರಚನೆಯ ನಡುನಡುವೆ ಪೃಚ್ಛಕರು ಯಾವುದೋ ಮನೆಯನ್ನು ಹೆಸರಿಸುತ್ತಾರೆ. ಅವಧಾನಿ ಆ ಮನೆಗೆ ಸಲ್ಲುವ ಅಂಕಿಯನ್ನು ಹೇಳಿ ಮತ್ತೆ ಪದ್ಯಕ್ಕೆ ತಿರುಗುತ್ತಾರೆ. ಕಡೆಯಲ್ಲಿ ಐದಕ್ಕೆ ಐದರ ಚೌಕ ಪೂರ್ಣವಾಗಿ ಎಲ್ಲ ಸಾಲುಗಳ ಮೊತ್ತವೂ ಒಂದಾಗುತ್ತದೆ. ಭಾರವಿಯ ಅಕ್ಷರವೂ ವರಾಹಮಿಹಿರನ ಅಂಕಿಯೂ ಇಲ್ಲಿ ಒಂದೇ ವೇದಿಕೆಯ ಮೇಲೆ ಕೂಡಿಕೊಂಡಿವೆ.

ಕಾಶ್ಮೀರದ ಆಲಂಕಾರಿಕ, ಕಲ್ಯಾಣದ ಚಕ್ರವರ್ತಿ, ಕಂಚಿಯ ಕಡೆಯಿಂದ ಬಂದ ಆಚಾರ್ಯ, ಬರ್ಲಿನ್ನಿನ ಗಣಿತಜ್ಞ, ಮೈಸೂರಿನ ಒಡೆಯ ಇವರಲ್ಲಿ ಭಾಷೆ, ಮತ, ವೃತ್ತಿ ಯಾವುದೂ ಒಂದಲ್ಲ. ಒಂದಾಗಿದ್ದುದು ಅರವತ್ತನಾಲ್ಕು ಮನೆ ಮತ್ತು ಅವುಗಳ ಮೇಲೆ ಕುದುರೆಗೆ ವಿಧಿಸಿದ ನಿಯಮ. ಆ ನಿಯಮವನ್ನು ಮೀರದೆ ನಡೆಯುವವನಿಗೆ ಹಾಸು ಎಲ್ಲಿದ್ದರೂ ಒಂದೇ. ಸಂಜೆಯ ರೈಲಿನಲ್ಲಿ ಪತ್ರಿಕೆಯನ್ನು ಮಡಿಸಿ ಹಿಡಿದು ಒಂಬತ್ತು ಅಂಕಿಗಳೊಡನೆ ಸೆಣಸುವ ಪ್ರಯಾಣಿಕನೂ ಆ ಪರಂಪರೆಗೆ ಸೇರಿದವನೇ. ಅವನ ಹಾದಿಯನ್ನು ಮೊದಲು ಸವೆಸಿದವರು ಯಾರೆಂಬುದನ್ನು ಅರಿತರೆ ಅವನ ಸಂತೋಷ ಇಮ್ಮಡಿಸುವುದೇ ಹೊರತು ಕುಗ್ಗದು.